ಸಾಲ್ಮನ್ ಮೀನು ಮಳೆಗೆ ಕಾಯುವುದೇಕೆ?

ಮಲೆನಾಡಿನ ಗೆಳೆಯರಿಗೆ ಹತ್ತುಮೀನು ಗೊತ್ತು. ಮುಂಗಾರಿನ ಹೊಸನೀರು ಬಂದ ಕೂಡಲೇ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುತ್ತವೆ. ಅಮೆರಿಕದ ಪಶ್ಚಿಮ ಕರಾವಳಿಯ ನದಿಗಳಲ್ಲೂ ಇಂಥ ಹತ್ತುವಿಕೆ ಇದೆ. ಅಲ್ಲಿ ಅದರ ಮುಖ್ಯ ಕಾಲ ಶರತ್ಕಾಲ, ಹತ್ತುವ ಮೀನು ಸಾಲ್ಮನ್. ಜೀವಶಾಸ್ತ್ರ ತರಗತಿಯಲ್ಲಿ ವಲಸೆಯ ಮಾತು ಬಂದ ಮೇಲೆ ನಾನು ಇದರ ಬಗ್ಗೆ ಓದತೊಡಗಿದೆ.

ಸಮುದ್ರದಲ್ಲಿ ಕೆಲವು ವರ್ಷ ಬೆಳೆದ ಸಾಲ್ಮನ್, ವಾಸನೆಯ ಜಾಡು ಹಿಡಿದು ತಾನು ಹುಟ್ಟಿದ ನದಿಗೇ ಮರಳುತ್ತದೆ. ಸುಬ್‌ಹಾನಲ್ಲಾಹ್! ಚಿನೂಕ್ ಎಂಬ ದೊಡ್ಡ ಜಾತಿ ದಾರಿಯಲ್ಲಿ ಆಹಾರ ಬಿಡುತ್ತದೆ, ಜಲ್ಲಿಕಲ್ಲುಗಳ ನಡುವೆ ಮೊಟ್ಟೆಯಿಟ್ಟು ಸಾಯುತ್ತದೆ. ಸ್ಟೀಲ್‌ಹೆಡ್ ಎಂದರೆ ಸಮುದ್ರಕ್ಕೆ ಹೋಗಿ ಬಂದ ರೇನ್‌ಬೋ ಟ್ರೌಟ್, ಅಷ್ಟೆ. ಅದು ಮತ್ತೆ ಸಮುದ್ರಕ್ಕಿಳಿದು ಇನ್ನೊಮ್ಮೆ ಬರಲೂಬಹುದು.

ಗಾಳ ಹಾಕುವವರು ಮೊದಲು ಕೇಳುವುದು ಎರಡೇ ಪ್ರಶ್ನೆ: ನದಿಯಲ್ಲಿ ಹರಿವು ಎಷ್ಟು, ನೀರಿನ ಉಷ್ಣತೆ ಎಷ್ಟು? ಸೆಪ್ಟೆಂಬರ್‌ನಲ್ಲಿ ನೀರು ತೆಳ್ಳಗೆ, ಬೆಚ್ಚಗೆ ಇದ್ದರೆ ಮೀನುಗಳು ನದೀಮುಖದಲ್ಲೋ ಆಳದ ಮಡುಗಳಲ್ಲೋ ಮಳೆಗಾಗಿ ಕಾಯುತ್ತವೆ. ಮಳೆ ಬಂದು ನೀರು ಕೆಂಪಗೆ ಏರುವಾಗ ಗಾಳಕ್ಕೆ ಏನೂ ಸಿಗದು. ಅದು ಇಳಿದು ತಿಳಿಯಾಗುತ್ತಾ ಬಂದಾಗ ಒಳ್ಳೆಯ ಬೇಟೆ. ಟ್ರೌಟ್‌ಗಳು ಮಾತ್ರ ಜಾಣ ಮೀನುಗಳು. ಮೊಟ್ಟೆಯಿಡುವ ಸಾಲ್ಮನ್‌ಗಳ ಹಿಂದೆ ನಿಂತು, ತೇಲಿಬರುವ ಮೊಟ್ಟೆಗಳನ್ನು ನುಂಗುತ್ತವೆ. ಅದಕ್ಕೇ ಮೀನುಗಾರರು ಗಾಳದ ಹತ್ತಿರ ಮೊಟ್ಟೆಯ ಬಣ್ಣದ ಸಣ್ಣ ಮಣಿ ಕಟ್ಟುತ್ತಾರೆ.

ಉಷ್ಣತೆಯ ಲೆಕ್ಕ ಜೀವನ್ಮರಣದ್ದು. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿಯಲ್ಲಿ ಸುಮಾರು 9 ಮಾತ್ರ. ಮೀನಿನ ದೇಹಕ್ಕೋ ಬಿಸಿಯಲ್ಲಿ ಆಮ್ಲಜನಕ ಇನ್ನೂ ಹೆಚ್ಚು ಬೇಕು. ಹಾಗಾಗಿ 20 ಡಿಗ್ರಿ ಮುಟ್ಟಿತೆಂದರೆ ತಿಳಿದವರು ಗಾಳ ಮಡಚಿಡುತ್ತಾರೆ. ಆ ಬಿಸಿಯಲ್ಲಿ ಎಳೆದಾಡಿಸಿಕೊಂಡು ದಣಿದ ಮೀನನ್ನು ನೀರಿಗೆ ಬಿಟ್ಟರೂ ಅದು ಆಮೇಲೆ ಸಾಯಬಹುದು.

ಆರೆಗನ್‌ನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಸಮುದ್ರ ಸೇರುವ ಕ್ಲಾಮತ್ ನದಿಯಲ್ಲಿ 2002ರ ಸೆಪ್ಟೆಂಬರ್‌ನಲ್ಲಿ ಆದದ್ದನ್ನು ಓದಿ ನನಗೆ ಸಂಕಟವಾಯಿತು. ಅದು ಬರದ ವರ್ಷ. ಮೇಲ್ಭಾಗದ ರೈತರಿಗೂ ನೀರು ಬೇಕಿತ್ತು, ಅವರ ಹಿಂದಿನ ವರ್ಷದ ಬೆಳೆಗೆ ನೀರು ಸಿಕ್ಕಿರಲಿಲ್ಲ. ಕೆಳಗೆ ಹರಿವು ತಗ್ಗಿ ನೀರು ಬೆಚ್ಚಗಾಯಿತು. ಕಿಕ್ಕಿರಿದು ನಿಂತ ಮೀನುಗಳ ಕಿವಿರುಗಳಿಗೆ ರೋಗ ಹಬ್ಬಿತು. ಕೆಲವೇ ದಿನಗಳಲ್ಲಿ 30,000ಕ್ಕೂ ಹೆಚ್ಚು ಮೀನುಗಳು ಸತ್ತವು. ಬಹುಪಾಲು ಚಿನೂಕ್‌ಗಳೇ. ಆ ಮೀನನ್ನೇ ನಂಬಿ ಬದುಕಿದ ಯೂರೋಕ್ ಮೂಲನಿವಾಸಿಗಳು ಅಲ್ಲಿಂದಾಚೆಗೆ ಅಣೆಕಟ್ಟುಗಳನ್ನು ತೆಗೆಸಲು ಇನ್ನಷ್ಟು ಪಟ್ಟು ಹಿಡಿದರು.

2024ರಲ್ಲಿ ಆ ನದಿಯ ನಾಲ್ಕು ಅಣೆಕಟ್ಟುಗಳನ್ನು ತೆಗೆದು ಮುಗಿಸಿದರು. ಅದೇ ಅಕ್ಟೋಬರ್‌ನಲ್ಲಿ, ನೂರಕ್ಕೂ ಹೆಚ್ಚು ವರ್ಷ ಮುಚ್ಚಿದ್ದ ದಾರಿಯಲ್ಲಿ ಹತ್ತಿ ಬಂದ ಚಿನೂಕ್‌ಗಳು ಆರೆಗನ್‌ನ ಒಂದು ತೊರೆಯಲ್ಲಿ ಕಾಣಿಸಿಕೊಂಡವು.