ಸಾಲಿನಿಂದ ಖಂಡಕ್ಕೆ: ಶೆಲ್ ತಿದ್ದಲು ಕಲಿತ ಬಗೆ

ಗಣಕಕ್ಕೆ ಆಜ್ಞೆಯನ್ನು ಅಕ್ಷರರೂಪದಲ್ಲಿತ್ತು ಉತ್ತರವನ್ನೂ ಅಕ್ಷರರೂಪದಲ್ಲಿಯೇ ಪಡೆಯುವ ಶೆಲ್ ಎಂಬ ವ್ಯವಸ್ಥೆಯು ಬೆಳೆದ ಮೊದಲ ದಿನಗಳಲ್ಲಿ, ಅದರ ಮುಂದೆ ಕುಳಿತವರಿಗೆ ತೆರೆಯೇ ಇರಲಿಲ್ಲ. 1970ರ ಆಸುಪಾಸಿನಲ್ಲಿ ಯುನಿಕ್ಸ್‌ನ ನಿರ್ಮಾತೃಗಳು ಬಳಸಿದ ಟೆಲಿಟೈಪ್ ಯಂತ್ರವು ಸೆಕೆಂಡಿಗೆ 10 ಅಕ್ಷರಗಳಂತೆ ಕಾಗದದ ಮೇಲೆ ಅಚ್ಚೊತ್ತುತ್ತಿದ್ದುದರಿಂದ, ಬಿದ್ದ ಅಕ್ಷರವನ್ನು ಅಳಿಸುವ ಉಪಾಯವಿಲ್ಲದೆ, ಹಿಂದಿನ ಅಕ್ಷರ ತಪ್ಪೆಂದು ತಿಳಿಸಲು ಹ್ಯಾಷ್ ಚಿಹ್ನೆಯನ್ನೂ, ಇಡಿಯ ಸಾಲೇ ತಪ್ಪೆಂದು ತಿಳಿಸಲು ಅಟ್ ಚಿಹ್ನೆಯನ್ನೂ ಒತ್ತಬೇಕಾಗಿದ್ದಿತು. ತಿದ್ದುಪಡಿಗೆ ಸಾಲೇ ಎಲ್ಲೆಯಾದುದು ಈ ಕಾಗದದ ಕಟ್ಟಳೆಯಿಂದ. ಕಾಗದವು ಹೋದ ಮೇಲೂ ಕಟ್ಟಳೆಯು ಬಹುಕಾಲ ಉಳಿಯಿತು.

ತೆರೆಗಳು ಬಂದ ಬಳಿಕ, ಬರ್ಕ್ಲಿಯಲ್ಲಿ ಬಿಲ್ ಜಾಯ್ ರಚಿಸಿದ ಸಿ ಶೆಲ್ ಹಿಂದಿನ ಆಜ್ಞೆಗಳನ್ನು ನೆನಪಿಟ್ಟು ಮರಳಿ ಕೊಟ್ಟಿತು. 1983ರಲ್ಲಿ ಪ್ರಕಟವಾದ ಡೇವಿಡ್ ಕಾರ್ನ್ ಅವರ ಶೆಲ್, ಕರ್ಸರನ್ನು ಸಾಲಿನೊಳಗೆ ಹಿಂದುಮುಂದಾಗಿ ನಡೆಸಿ ತಿದ್ದುವ ಸೌಕರ್ಯವನ್ನು ಒದಗಿಸಿತು. 1989ರಲ್ಲಿ ಬ್ರಯನ್ ಫಾಕ್ಸ್ ಬರೆದ ಬ್ಯಾಷ್ ಇವೆರಡನ್ನೂ ಮೈಗೂಡಿಸಿಕೊಂಡಿತು.

ಆದರೆ ವಿಚಾರವು ಒಂದೇ ಸಾಲಿನಲ್ಲಿ ಮುಗಿಯುವುದು ಅಪರೂಪ. ನಾಲ್ಕು ಸಾಲಿನ ಲೂಪ್ ಬರೆಯುತ್ತ ಮೂರನೆಯದಕ್ಕೆ ಬಂದಾಗ ಮೊದಲನೆಯದರ ದೋಷ ಕಂಡರೆ, ಬ್ಯಾಷ್‌ನಲ್ಲಿ ಅದರತ್ತ ಏರಿಹೋಗಲು ಮಾರ್ಗವಿಲ್ಲ. ಎಂಟರ್ ಒತ್ತಿದ ಸಾಲು ಕೈಬಿಟ್ಟುಹೋದ ಸಾಲೇ. ನಡೆದ ಆಜ್ಞೆಯನ್ನು ಮರಳಿ ಕರೆದರೆ ಅದು ಅರ್ಧವಿರಾಮಗಳಿಂದ ಪೋಣಿಸಲ್ಪಟ್ಟು ಒಂದೇ ನೀಳ ಸಾಲಾಗಿ ಬರುವುದು. ಅದನ್ನು ಕಂಟ್ರೋಲ್-ಎಕ್ಸ್, ಕಂಟ್ರೋಲ್-ಇ ಒತ್ತಿ ಪೂರ್ಣಪ್ರಮಾಣದ ಎಡಿಟರ್‌ನಲ್ಲಿ ತೆರೆದು, ತಿದ್ದಿ ಉಳಿಸಿ ಹೊರಬಂದೊಡನೆ ನಡೆಯುವಂತೆ ಮಾಡುವ ಮಾರ್ಗವುಂಟು. ಇಷ್ಟು ಉಪಯುಕ್ತವಾದುದನ್ನು ಆರಂಭದಲ್ಲಿಯೇ ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 1990ರಲ್ಲಿ ಪಾಲ್ ಫಾಲ್‌ಸ್ಟಾಡ್ ಆರಂಭಿಸಿದ ಝಡ್ ಶೆಲ್‌ನಲ್ಲಿಯಾದರೋ, ಮರಳಿ ಕರೆದ ಖಂಡವು ತನ್ನ ಸಾಲುಗಳೊಡನೆಯೇ ಬರುವುದು. ಪೈಥಾನ್‌ನ ಸಂವಾದ ಶೆಲ್ ಈ ಗುಣವನ್ನು ಪಡೆದುದು 2024ರ ಅಕ್ಟೋಬರ್‌ನಲ್ಲಿ, 3.13ನೆಯ ಆವೃತ್ತಿಯಲ್ಲಿ, ಪೈಪೈ ಯೋಜನೆಯ ಸಂಕೇತವನ್ನು ಆಧರಿಸಿ.

ಕನ್ನಡ ಬಲ್ಲ ತಂತ್ರಜ್ಞರೇ ಕೈಹಾಕಬೇಕಾದ ಕಾರ್ಯವೊಂದು ಇನ್ನೂ ಉಳಿದಿದೆ. ಕಡೂರು ತಾಲ್ಲೂಕಿನ ಪಂಚನಹಳ್ಳಿಯ ವಿದ್ಯಾರ್ಥಿಯೊಬ್ಬನು ಇಂಥ ಖಂಡದ ನಡುವೆ ತನ್ನೂರಿನ ಹೆಸರನ್ನು ಬರೆದನೆನ್ನಿ: ಅವನ ಕಣ್ಣಿಗೆ ಕಾಣುವುವು 5 ಅಕ್ಷರಗಳು, ಯುನಿಕೋಡ್ ಗಣನೆಯಲ್ಲಿ ಅನುಸ್ವಾರ, ಹಲಂತಚಿಹ್ನೆ, ಗುಡಿಸುಗಳು ಸೇರಿ 9 ಸಂಕೇತಗಳು. ಶೆಲ್ ತೆರೆಯನ್ನು ಸಮಾನ ಅಗಲದ ಚೌಕಗಳೆಂದು ಭಾವಿಸಿ ಕರ್ಸರಿನ ಸ್ಥಾನವನ್ನು ಎಣಿಸುವುದು. ಅಕ್ಷರಗಳನ್ನು ಮೂಡಿಸುವ ಟರ್ಮಿನಲ್ ಬೇರೊಂದು ಎಣಿಕೆಯನ್ನು ಹಿಡಿದಲ್ಲಿ, ಕರ್ಸರ್ ಒತ್ತಕ್ಷರದಿಂದಾಚೆಗೆ ಸರಿದು ನಿಂತು, ಅಳಿಸಬೇಕಾದುದು ಉಳಿದು ಉಳಿಯಬೇಕಾದುದು ಅಳಿಯುವುದು.