ಹೃದಯದೊಳಗಿನ ಲೋಹದ ಜಾಲರಿ: ಸ್ಟೆಂಟ್ ಕುರಿತು ಸದ್ಭಕ್ತರು ಅರಿತಿರಬೇಕಾದ ಸಂಗತಿಗಳು

ಬಸವಾದಿ ಶರಣರು ಕಾಯವನ್ನು ಎಂದೂ ಹಗುರವಾಗಿ ಕಂಡವರಲ್ಲ. ಕಾಯಕಕ್ಕೂ ದಾಸೋಹಕ್ಕೂ ಲಿಂಗಪೂಜೆಗೂ ಸಾಧನವಾದ ಈ ಶರೀರವನ್ನು ಪ್ರಸಾದಕಾಯವೆಂದು ಭಾವಿಸಿ ಕಾಪಾಡಿಕೊಳ್ಳುವುದನ್ನು ಅವರು ಆಚಾರದ ಭಾಗವಾಗಿಯೇ ಎಣಿಸಿದರು. ಇಂದು ಶ್ರೀಮಠಕ್ಕೆ ನಡೆದುಕೊಳ್ಳುವ ಅನೇಕ ಕುಟುಂಬಗಳಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿದ್ದಾರೆ. ಇವರಲ್ಲಿ 'ಸ್ಟೆಂಟ್ ಹಾಕಿಸಿದ ಮೇಲೆ ರೋಗವೇ ಹೋಯಿತು' ಎಂದು ನಿಶ್ಚಿಂತರಾಗುವವರುಂಟು. 'ಮೈಯೊಳಗೆ ಲೋಹ ಸೇರಿತು, ಇನ್ನು ನಮ್ಮಿಂದ ಏನೂ ಆಗದು' ಎಂದು ಅಂಜುವವರೂ ಉಂಟು. ಈ ಅತಿ ಭರವಸೆ, ಅತಿ ಭಯಗಳೆರಡಕ್ಕೂ ಅರಿವೇ ಮದ್ದು. ಆದ್ದರಿಂದ ಸ್ಟೆಂಟ್ ಕುರಿತು ಸಂಶೋಧನೆಗಳು ಕಂಡುಕೊಂಡಿರುವ ಮುಖ್ಯ ಸಂಗತಿಗಳನ್ನು ಇಲ್ಲಿ ನಿರೂಪಿಸುತ್ತಿದ್ದೇವೆ.

ಸ್ಟೆಂಟ್ ಬಂದ ಬಗೆ

ಹೃದಯವು ದೇಹಕ್ಕೆಲ್ಲ ರಕ್ತವನ್ನು ಕಳುಹಿಸುತ್ತದೆ. ಆದರೆ ಹೃದಯದ ಸ್ನಾಯುವಿಗೂ ರಕ್ತ ಬೇಕು. ಅದನ್ನು ಒದಗಿಸುವ ನಾಳಗಳ ಒಳಗೋಡೆಯಲ್ಲಿ ವರ್ಷಾನುಗಟ್ಟಲೆ ಕೊಬ್ಬು ಶೇಖರವಾಗಿ ದಾರಿ ಕಿರಿದಾಗುತ್ತದೆ. 1977ರ ಸೆಪ್ಟೆಂಬರ್ 16ರಂದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ಡಾ. ಆಂಡ್ರಿಯಾಸ್ ಗ್ರುಂಟ್ಜಿಗ್ ಅವರು ತೆಳುವಾದ ನಳಿಕೆಯ ತುದಿಯಲ್ಲಿದ್ದ ಪುಟ್ಟ ಬಲೂನನ್ನು ಇಂತಹ ನಾಳದೊಳಗೆ ಉಬ್ಬಿಸಿ, ಎದೆ ಸೀಳದೆಯೇ ದಾರಿಯನ್ನು ಅಗಲಗೊಳಿಸಿದರು. ಇದುವೇ ಹೃದಯನಾಳದ ಆಂಜಿಯೋಪ್ಲಾಸ್ಟಿಯ ಆರಂಭ. ಆದರೆ ಬಲೂನು ತೆಗೆದ ಮೇಲೆ ಕೆಲವರಲ್ಲಿ ನಾಳವು ಒಡನೆಯೇ ಕುಸಿಯುತ್ತಿತ್ತು. ಸುಮಾರು ಮೂರನೆಯ ಒಂದು ಭಾಗದಷ್ಟು ರೋಗಿಗಳಲ್ಲಿ ಕೆಲವು ತಿಂಗಳೊಳಗೆ ಮತ್ತೆ ಕಿರಿದಾಗುತ್ತಿತ್ತು.

ಕುಸಿಯುವ ಗೋಡೆಗೆ ಆನಿಕೆ ಕೊಡುವಂತೆ ನಾಳದೊಳಗೆ ಲೋಹದ ಜಾಲರಿಯನ್ನು ಇರಿಸುವ ಉಪಾಯ 1986ರಲ್ಲಿ ಕಾರ್ಯರೂಪಕ್ಕೆ ಬಂತು. ಫ್ರಾನ್ಸಿನ ಜಾಕ್ ಪ್ಯುಯೆಲ್ ಹಾಗೂ ಸ್ವಿಟ್ಜರ್‌ಲೆಂಡಿನಲ್ಲಿದ್ದ ಉಲ್ರಿಕ್ ಸಿಗ್ವಾರ್ಟ್ ಅವರು ಮನುಷ್ಯರ ಹೃದಯನಾಳಗಳಲ್ಲಿ ಮೊದಲ ಸ್ಟೆಂಟುಗಳನ್ನು ಇರಿಸಿದರು. ಕುಸಿತ ನಿಂತಿತು. ಆದರೆ ಜಾಲರಿಯ ಒಳಗೆ ಗಾಯ ಮಾಯುವಾಗ ಅಂಗಾಂಶ ಅತಿಯಾಗಿ ಬೆಳೆದು ದಾರಿ ಮತ್ತೆ ಕಟ್ಟಿಕೊಳ್ಳುವುದು ಮುಂದುವರಿಯಿತು. ಇದಕ್ಕೆ ಪರಿಹಾರವಾಗಿ, ಅಂಗಾಂಶದ ಬೆಳವಣಿಗೆಯನ್ನು ತಡೆಯುವ ಔಷಧವನ್ನು ನಿಧಾನವಾಗಿ ಸೂಸುವ ಲೇಪಿತ ಸ್ಟೆಂಟುಗಳು ಬಂದವು. 2003ರಲ್ಲಿ ಅಮೆರಿಕವು ಇಂತಹ ಮೊದಲ ಸ್ಟೆಂಟಿಗೆ ಅನುಮತಿ ನೀಡಿತು.

ಗುಣದ ಜೊತೆಗೇ ಬಂದ ದೋಷ

ಔಷಧಲೇಪಿತ ಸ್ಟೆಂಟಿನಿಂದ ನಾಳ ಮತ್ತೆ ಕಿರಿದಾಗುವುದು ಬಹಳ ಕಡಿಮೆಯಾಯಿತು. ಆದರೆ ಅಂಗಾಂಶದ ಅತಿ ಬೆಳವಣಿಗೆಯನ್ನು ತಡೆದ ಔಷಧವೇ ಲೋಹದ ಎಳೆಗಳ ಮೇಲೆ ಹೊಸ ಒಳಪೊರೆ ಹರಡಿಕೊಳ್ಳುವುದನ್ನೂ ತಡಮಾಡುತ್ತಿತ್ತು. ಮುಚ್ಚಿಕೊಳ್ಳದ ಲೋಹಕ್ಕೆ ರಕ್ತ ತಾಗಿದರೆ ಅಲ್ಲಿ ಹೆಪ್ಪುಗಟ್ಟುವ ಸಂಭವವಿರುತ್ತದೆ. ಸ್ಟೆಂಟಿನೊಳಗೆ ಹೆಪ್ಪುಗಟ್ಟುವುದು ಅಪರೂಪವಾದರೂ ಪ್ರಾಣಾಪಾಯಕಾರಿ. 2004ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯು ಇಂತಹ 4 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿತು. ಸ್ಟೆಂಟ್ ಹಾಕಿ ಸುಮಾರು ಒಂದು ವರ್ಷ ಕಳೆದ ಬಳಿಕ, ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ನಿಲ್ಲಿಸಿದ ತರುವಾಯ ಅವರಿಗೆ ಹೃದಯಾಘಾತವಾಗಿತ್ತು. 2006ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಯುರೋಪಿನ ಹೃದ್ರೋಗ ತಜ್ಞರ ಸಮಾವೇಶದಲ್ಲಿ ಈ ವಿಷಯ ದೊಡ್ಡ ಚರ್ಚೆಗೆ ಒಳಗಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ತಜ್ಞರ ಸಭೆ ಕರೆದು ವಿಚಾರಣೆ ನಡೆಸಿತು.

ಈ ವಿಮರ್ಶೆಯ ಫಲವಾಗಿಯೇ ಮುಂದಿನ ಪೀಳಿಗೆಯ ಸ್ಟೆಂಟುಗಳು ಸುಧಾರಿಸಿದವು. ಮೊದಲ ಔಷಧಲೇಪಿತ ಸ್ಟೆಂಟಿನ ಎಳೆಯ ದಪ್ಪ ಸುಮಾರು 140 ಮೈಕ್ರಾನ್ ಇದ್ದರೆ, ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಮುಂದಿನ ಸ್ಟೆಂಟುಗಳಲ್ಲಿ ಅದು ಸುಮಾರು 80 ಮೈಕ್ರಾನಿಗೆ ಇಳಿಯಿತು. ಲೇಪನಗಳೂ ಉತ್ತಮಗೊಂಡವು, ಹೆಪ್ಪುಗಟ್ಟುವ ಅಪಾಯವೂ ತಗ್ಗಿತು.

ಹೊಸದೆಲ್ಲವೂ ಹಳೆಯದಕ್ಕಿಂತ ಮೇಲೆಂಬ ನಂಬಿಕೆಗೆ ಪೆಟ್ಟು ಕೊಟ್ಟ ಪ್ರಸಂಗವೂ ಇದೆ. ಕೆಲವು ವರ್ಷಗಳಲ್ಲಿ ಕರಗಿಹೋಗುವ ಸ್ಟೆಂಟ್ ಇದ್ದರೆ ಮೈಯಲ್ಲಿ ಲೋಹವೇ ಉಳಿಯದಲ್ಲವೆ ಎಂಬ ಆಲೋಚನೆಯಿಂದ 'ಅಬ್ಸಾರ್ಬ್' ಎಂಬ ಸ್ಟೆಂಟ್ ತಯಾರಾಯಿತು. 2016ರಲ್ಲಿ ಅಮೆರಿಕವು ಇದಕ್ಕೆ ಅನುಮತಿ ನೀಡಿತು. ಆದರೆ ಲೋಹದ ಸ್ಟೆಂಟಿನೊಡನೆ ಹೋಲಿಸಿ ವರ್ಷಗಳ ಕಾಲ ರೋಗಿಗಳನ್ನು ಗಮನಿಸಿದಾಗ, ಇದರಲ್ಲಿಯೇ ಹೆಪ್ಪುಗಟ್ಟುವುದು ಹೆಚ್ಚೆಂದು ತಿಳಿದುಬಂತು. 2017ರಲ್ಲಿ ತಯಾರಕರು ಅದರ ಮಾರಾಟವನ್ನು ನಿಲ್ಲಿಸಿದರು. ಕೇಳಲು ಹಿತವಾದ ಮಾತಿಗೂ ಅನುಭವದಲ್ಲಿ ನಿಂತ ಮಾತಿಗೂ ಇರುವ ಅಂತರವನ್ನು ಅನುಭವ ಮಂಟಪದ ವಾರಸುದಾರರಾದ ನಾವು ಸುಲಭವಾಗಿ ಅರಿಯಬಲ್ಲೆವು.

ಯಾರಿಗೆ ಅಗತ್ಯ?

ಹೃದಯಾಘಾತ ಸಂಭವಿಸಿ ನಾಳ ಪೂರ್ಣವಾಗಿ ಮುಚ್ಚಿಕೊಂಡಾಗ ಸ್ಟೆಂಟ್ ಪ್ರಾಣರಕ್ಷಕ. ಆಗ ಒಂದೊಂದು ನಿಮಿಷವೂ ಅಮೂಲ್ಯ. ನೆಂಟರಿಷ್ಟರನ್ನು ಕೇಳಿ ನಿರ್ಧರಿಸೋಣವೆಂದು ತಡಮಾಡಬಾರದು. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಂತಹ ಸರ್ಕಾರಿ ಸಂಸ್ಥೆಗಳಿಂದಾಗಿ ಈ ಚಿಕಿತ್ಸೆ ಬಡವರಿಗೂ ದೊರೆಯುವಂತಾಗಿದೆ.

ಆದರೆ ನಡೆಯುವಾಗ, ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗಿ, ನಿಂತರೆ ಕಡಿಮೆಯಾಗುವ ಸ್ಥಿರ ಎದೆನೋವಿನ ವಿಚಾರ ಬೇರೆ. 5,179 ರೋಗಿಗಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಅಧ್ಯಯನದಲ್ಲಿ, ಉತ್ತಮ ಔಷಧೋಪಚಾರದೊಂದಿಗೆ ಆರಂಭದಲ್ಲಿಯೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿದವರಿಗೂ ಔಷಧದಿಂದಲೇ ಆರಂಭಿಸಿದವರಿಗೂ ಹೃದಯಾಘಾತ ಮತ್ತು ಮರಣಗಳ ಒಟ್ಟು ಪ್ರಮಾಣದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಎದೆನೋವು ಹೆಚ್ಚಾಗಿದ್ದವರಿಗೆ ಮಾತ್ರ ಮೊದಲ ಕ್ರಮದಿಂದ ಹೆಚ್ಚಿನ ಉಪಶಮನ ದೊರೆಯಿತು. ಎಡಭಾಗದ ಮುಖ್ಯನಾಳದಲ್ಲಿ ತೀವ್ರ ತಡೆಯಿದ್ದವರನ್ನು ಈ ಅಧ್ಯಯನಕ್ಕೆ ಸೇರಿಸಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಆದ್ದರಿಂದ ತುರ್ತಿಲ್ಲದ ಸಂದರ್ಭದಲ್ಲಿ 'ಇದರಿಂದ ನನ್ನ ಆಯುಷ್ಯ ಹೆಚ್ಚುವುದೋ, ನೋವು ತಗ್ಗುವುದೋ? ಮಾತ್ರೆಗಳಿಂದಲೇ ಸಾಧ್ಯವೇ?' ಎಂದು ವೈದ್ಯರನ್ನು ವಿನಯದಿಂದ ಕೇಳುವುದು ತಪ್ಪಲ್ಲ. ಪ್ರಶ್ನಿಸುವುದು ಅವಿಶ್ವಾಸದ ಲಕ್ಷಣವಲ್ಲ. ಪ್ರಶ್ನೆಯಿಂದಲೇ ಅರಿವು ಬೆಳೆಯುತ್ತದೆ.

ಕಾಗದವನ್ನು ಏಕೆ ಕಾಪಾಡಬೇಕು?

ಹೃದಯದ ಹೊರಗಿನ ಒಂದು ಉದಾಹರಣೆ ನೋಡೋಣ. 'ಎಎಸ್‌ಆರ್' ಎಂಬ ಹೆಸರಿನ ಲೋಹದ ಕೃತಕ ಸೊಂಟದ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂಪಡೆಯಲಾಯಿತು. ಲೋಹಕ್ಕೆ ಲೋಹ ಉಜ್ಜಿ ಸೂಕ್ಷ್ಮ ಕಣಗಳು ದೇಹದೊಳಗೆ ಸೇರುತ್ತಿದ್ದವು. ಅನೇಕರಿಗೆ ಮರುಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ಭಾರತದಲ್ಲಿ ಸುಮಾರು 4,700 ಶಸ್ತ್ರಚಿಕಿತ್ಸೆಗಳಲ್ಲಿ ಈ ಕೀಲನ್ನು ಬಳಸಲಾಗಿತ್ತು. ಅವರಲ್ಲಿ ಬಹುಪಾಲು ಜನರ ಗುರುತೇ ಸಿಗಲಿಲ್ಲ. ಯಾರ ಮೈಯಲ್ಲಿ ಯಾವ ಸಾಧನವಿದೆ ಎಂಬ ದಾಖಲೆ ಇಲ್ಲದಿದ್ದರೆ ಎಚ್ಚರಿಕೆಯನ್ನು ತಲುಪಿಸುವುದಾದರೂ ಯಾರಿಗೆ?

ಆ ಬಳಿಕ ನಮ್ಮ ದೇಶದಲ್ಲಿ ವ್ಯವಸ್ಥೆ ಬಿಗಿಯಾಗಿದೆ. ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2015ರಲ್ಲಿ ಆರಂಭವಾಯಿತು. 2017ರ ವೈದ್ಯಕೀಯ ಸಾಧನಗಳ ನಿಯಮಾವಳಿ 2018ರ ಜನವರಿ 1ರಿಂದ ಜಾರಿಗೆ ಬಂತು. ಹೃದಯದ ಸ್ಟೆಂಟನ್ನು ಅತಿ ಹೆಚ್ಚು ಎಚ್ಚರ ಬೇಡುವ 'ಡಿ' ವರ್ಗದಲ್ಲಿ ಇರಿಸಲಾಗಿದೆ. 2017ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರವು ಬರಿಯ ಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಗಳ ಮಿತಿ ವಿಧಿಸಿತು. ಅನಂತರ ಇದು ಕಾಲಕಾಲಕ್ಕೆ ಪರಿಷ್ಕೃತವಾಗಿದೆ. ಆಸ್ಪತ್ರೆಯ ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ, ಹೆಸರು, ತಯಾರಕರು ಮತ್ತು ಬ್ಯಾಚ್ ಸಂಖ್ಯೆಯನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂದೂ ಆ ಆದೇಶ ತಿಳಿಸಿತು.

ಸದ್ಭಕ್ತರಲ್ಲಿ ನಮ್ಮ ವಿನಂತಿ

ಒಂದನೆಯದಾಗಿ, ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಹೃದ್ರೋಗ ತಜ್ಞರ ಅಪ್ಪಣೆಯಿಲ್ಲದೆ ಒಂದು ದಿನವೂ ಬಿಡಬೇಡಿರಿ. ಸಾಮಾನ್ಯವಾಗಿ ಎರಡು ಬಗೆಯ ಮಾತ್ರೆಗಳನ್ನು ಕೆಲವು ತಿಂಗಳಿಂದ ಒಂದು ವರ್ಷದವರೆಗೆ ಕೊಡುತ್ತಾರೆ; ಬಳಿಕ ಒಂದನ್ನು ಮುಂದುವರಿಸುತ್ತಾರೆ. ಅವಧಿಯು ರೋಗಿಯಿಂದ ರೋಗಿಗೆ ಬೇರೆ. ಹಲ್ಲು ಕೀಳಿಸುವಾಗ, ಬೇರೆ ಶಸ್ತ್ರಚಿಕಿತ್ಸೆಗೆ ಹೋಗುವಾಗ ಸ್ಟೆಂಟ್ ಇರುವುದನ್ನು ಮೊದಲೇ ತಿಳಿಸಿರಿ. ಶಿವರಾತ್ರಿಯ ಉಪವಾಸವೆಂದೋ, ಜಾತ್ರೆಯ ಪಾದಯಾತ್ರೆಯಲ್ಲಿ ಮರೆತೆವೆಂದೋ ಮಾತ್ರೆ ತಪ್ಪಿಸಬೇಡಿರಿ. ಔಷಧ ಸೇವಿಸಿದರೆ ವ್ರತಕ್ಕೆ ಭಂಗವಿಲ್ಲ. ಅದನ್ನೂ ಪ್ರಸಾದವೆಂದೇ ಸ್ವೀಕರಿಸಿರಿ.

ಎರಡನೆಯದಾಗಿ, ಆಸ್ಪತ್ರೆಯವರು ಕೊಡುವ ಸ್ಟೆಂಟ್ ಕಾರ್ಡು, ಬಿಡುಗಡೆ ಪತ್ರ ಮತ್ತು ಬಿಲ್ಲನ್ನು ಮನೆಪತ್ರದಷ್ಟೇ ಜೋಪಾನವಾಗಿಡಿರಿ. ಅವುಗಳ ಛಾಯಾಚಿತ್ರ ಮಕ್ಕಳ ಮೊಬೈಲಿನಲ್ಲಿಯೂ ಇರಲಿ.

ಮೂರನೆಯದಾಗಿ, ಹೃದಯದ ಸ್ಟೆಂಟ್ ಇದ್ದವರಿಗೆ ಸಾಮಾನ್ಯವಾಗಿ ಎಂಆರ್‌ಐ ಪರೀಕ್ಷೆ ಮಾಡಬಹುದು. ಪೇಸ್‌ಮೇಕರ್ ಇದ್ದವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಎರಡೂ ಸಂದರ್ಭಗಳಲ್ಲಿ ಕಾರ್ಡು ತೋರಿಸಿರಿ. ಎಂಆರ್‌ಐ ಕೋಣೆಯೊಳಗೆ ಲೋಹದ ವಸ್ತುಗಳನ್ನು ಒಯ್ಯುವಂತಿಲ್ಲವಾದ್ದರಿಂದ ಬೆಳ್ಳಿಯ ಕರಡಿಗೆಯ ವಿಚಾರವನ್ನು ಸಿಬ್ಬಂದಿಗೆ ಮುಂಚಿತವಾಗಿ ಹೇಳಿರಿ. ಇಷ್ಟಲಿಂಗವನ್ನು ಶುದ್ಧ ವಸ್ತ್ರದಲ್ಲಿರಿಸಿ ಮನೆಯ ಹಿರಿಯರ ಕೈಗೆ ಒಪ್ಪಿಸಿ, ಪರೀಕ್ಷೆ ಮುಗಿದೊಡನೆ ಧರಿಸಿಕೊಳ್ಳಬಹುದು. ಆ ಅಲ್ಪಕಾಲದ ಬಗ್ಗೆ ಮನಸ್ಸಿನಲ್ಲಿ ಅಳುಕು ಬೇಡ. ಲಿಂಗಧ್ಯಾನಕ್ಕೆ ಯಾವ ಯಂತ್ರವೂ ಅಡ್ಡಿಯಾಗದು.

ಕೊನೆಯದಾಗಿ, ಸ್ಟೆಂಟ್ ಒಂದೆರಡು ಅಂಗುಲದ ತಡೆಯನ್ನಷ್ಟೇ ಸರಿಪಡಿಸುತ್ತದೆ. ರಕ್ತನಾಳಗಳಿಗೆಲ್ಲ ವ್ಯಾಪಿಸುವ ರೋಗವನ್ನು ಹಿಡಿದಿಡುವುದು ನಮ್ಮ ನಡೆ. ತಂಬಾಕು, ಗುಟ್ಕಾ, ಮದ್ಯಗಳ ತ್ಯಾಗ, ಮಿತಾಹಾರ, ನಿತ್ಯದ ನಡಿಗೆ, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ ಇವು ವೈದ್ಯರ ಸಲಹೆಯಾಗಿರುವಂತೆಯೇ ಶರಣರು ಬಾಳಿದ ಸಂಯಮದ ಹಾದಿಯೂ ಹೌದು. ವೈದ್ಯನ ಕಾಯಕವನ್ನು ವೈದ್ಯನು ಮಾಡಿದ ಮೇಲೆ ಉಳಿದ ಕಾಯಕ ನಮ್ಮದು. ಅದನ್ನು ಅರಿತು ಆಚರಿಸುವ ಶಕ್ತಿಯನ್ನು ಕರುಣಾಮಯಿ ಬಸವಾದಿ ಪ್ರಮಥರು ಎಲ್ಲರಿಗೂ ದಯಪಾಲಿಸಲೆಂದು ಹಾರೈಸುತ್ತೇವೆ.