ಆನ್‌ಲೈನ್ ಅರ್ಜಿಗಳಿಗೆ ಭಾವಚಿತ್ರ ಮತ್ತು ಸಹಿ ಸಿದ್ಧಪಡಿಸುವ ವಿಧಾನ: ಅರ್ಜಿದಾರರಿಗೆ ಮಾಹಿತಿ

ಸರ್ಕಾರದ ವಿವಿಧ ಸೇವೆಗಳು ಹಾಗೂ ನೇಮಕಾತಿ ಪರೀಕ್ಷೆಗಳ ಅರ್ಜಿಗಳನ್ನು ಈಗ ಬಹುಮಟ್ಟಿಗೆ ಅಂತರ್ಜಾಲದ ಮೂಲಕ ಸ್ವೀಕರಿಸಲಾಗುತ್ತಿದೆ. ಗ್ರಾಮ ಪಂಚಾಯಿತಿಗಳಲ್ಲಿ 2016ರಲ್ಲಿ ಬಾಪೂಜಿ ಸೇವಾ ಕೇಂದ್ರಗಳು, 2018ರಲ್ಲಿ ಸೇವಾ ಸಿಂಧು ಜಾಲತಾಣ ಹಾಗೂ 2022ರಲ್ಲಿ ಗ್ರಾಮ ಒನ್ ಕೇಂದ್ರಗಳು ಆರಂಭವಾದ ನಂತರ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಕುಬಿಹಾಳದಂತಹ ಗ್ರಾಮಗಳ ನಿವಾಸಿಗಳು ಪ್ರತಿಯೊಂದು ಅರ್ಜಿಗೂ ತಾಲ್ಲೂಕು ಕೇಂದ್ರಕ್ಕೆ ಅಥವಾ ಹುಬ್ಬಳ್ಳಿಗೆ ತೆರಳುವ ಅಗತ್ಯ ಕಡಿಮೆಯಾಗಿದೆ.

ಆದಾಗ್ಯೂ, ಅರ್ಜಿಯ ಉಳಿದೆಲ್ಲ ವಿವರಗಳು ಸರಿಯಿದ್ದರೂ ಭಾವಚಿತ್ರ ಅಥವಾ ಸಹಿಯ ಕಡತವು ನಿಗದಿತ ಅಳತೆಯಲ್ಲಿ ಇಲ್ಲದಿದ್ದಲ್ಲಿ ಜಾಲತಾಣವು ಅದನ್ನು ಸ್ವೀಕರಿಸುವುದಿಲ್ಲ. ಕೊನೆಯ ದಿನದಂದು ಈ ತೊಂದರೆ ಎದುರಾದರೆ ಅರ್ಜಿ ಸಲ್ಲಿಸುವ ಅವಕಾಶವೇ ಕೈತಪ್ಪಬಹುದು. ಈ ತೊಂದರೆಗಳಲ್ಲಿ ಹೆಚ್ಚಿನವುಗಳನ್ನು ಉಚಿತವಾಗಿ ದೊರೆಯುವ ಚಿತ್ರ ತಿದ್ದುವ ತಂತ್ರಾಂಶಗಳಿಂದ ಅರ್ಜಿದಾರರು ತಾವೇ ನಿವಾರಿಸಿಕೊಳ್ಳಬಹುದಾಗಿದೆ. ಚಿತ್ರದ ಅಳತೆಯನ್ನು ತಿದ್ದಬಹುದು, ವ್ಯಕ್ತಿಯ ರೂಪವನ್ನು ತಿದ್ದತಕ್ಕದ್ದಲ್ಲ ಎಂಬುದು ಇಲ್ಲಿ ಪಾಲಿಸಬೇಕಾದ ಮುಖ್ಯ ನಿಯಮ.

ಭಾವಚಿತ್ರದ ಕಡತ ಯಾವ ಸೇವೆಗೆ ಬೇಕಾಗಿಲ್ಲ?

ಆಧಾರ್‌ನಲ್ಲಿರುವ ಭಾವಚಿತ್ರವನ್ನು ಬದಲಾಯಿಸಲು ಅರ್ಜಿದಾರರು ನೋಂದಣಿ ಕೇಂದ್ರಕ್ಕೆ ಖುದ್ದಾಗಿ ಹಾಜರಾಗಬೇಕು. ಅಲ್ಲಿಯೇ ಭಾವಚಿತ್ರ ತೆಗೆಯಲಾಗುತ್ತದೆ. ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿಯೂ ವಯಸ್ಕ ಅರ್ಜಿದಾರರ ಭಾವಚಿತ್ರವನ್ನು ಸ್ಥಳದಲ್ಲಿಯೇ ತೆಗೆಯಲಾಗುತ್ತದೆ. ಸಿಬ್ಬಂದಿ ನೇಮಕಾತಿ ಆಯೋಗವು (ಎಸ್‌ಎಸ್‌ಸಿ) 2024ರಿಂದ ಅರ್ಜಿ ತುಂಬುವ ಸಮಯದಲ್ಲಿಯೇ ಕ್ಯಾಮೆರಾದ ಮೂಲಕ ಭಾವಚಿತ್ರ ಪಡೆಯುವ ವ್ಯವಸ್ಥೆಯನ್ನು ಜಾರಿಗೆ ತಂದಿದೆ. ಆದ್ದರಿಂದ ಹಣ ನೀಡಿ ಭಾವಚಿತ್ರ ಸಿದ್ಧಪಡಿಸಿಕೊಳ್ಳುವ ಮುನ್ನ ಸಂಬಂಧಪಟ್ಟ ಅಧಿಸೂಚನೆಯನ್ನು ಓದುವುದು ಸೂಕ್ತ.

ಪಿಕ್ಸೆಲ್ ಮತ್ತು ಕೆಬಿ: ಎರಡು ಬೇರೆ ಬೇರೆ ಅಳತೆಗಳು

ಅರ್ಜಿದಾರರಲ್ಲಿ ಹೆಚ್ಚಿನ ಗೊಂದಲ ಉಂಟಾಗುವುದು ಈ ಎರಡು ಪದಗಳಿಂದ. ಪಿಕ್ಸೆಲ್ ಎಂಬುದು ಚಿತ್ರದ ಉದ್ದ ಮತ್ತು ಅಗಲವನ್ನು ತಿಳಿಸುತ್ತದೆ. ಕೆಬಿ ಎಂಬುದು ಆ ಚಿತ್ರವನ್ನು ಉಳಿಸಿದ ಕಡತವು ಗಣಕಯಂತ್ರದಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ತಿಳಿಸುತ್ತದೆ. ಒಂದೇ ಪಿಕ್ಸೆಲ್ ಅಳತೆಯ ಚಿತ್ರವನ್ನು ಉಳಿಸುವಾಗ ಆಯ್ಕೆ ಮಾಡಿದ ಗುಣಮಟ್ಟಕ್ಕೆ ಅನುಗುಣವಾಗಿ ಅದು 15 ಕೆಬಿಯೂ ಆಗಬಹುದು, 45 ಕೆಬಿಯೂ ಆಗಬಹುದು.

ಉದಾಹರಣೆಗೆ, ಬ್ಯಾಂಕ್ ನೇಮಕಾತಿ ಪರೀಕ್ಷೆಗಳನ್ನು ನಡೆಸುವ ಐಬಿಪಿಎಸ್ ಸಂಸ್ಥೆಯ ಅಧಿಸೂಚನೆಗಳಲ್ಲಿ ಭಾವಚಿತ್ರಕ್ಕೆ 200 × 230 ಪಿಕ್ಸೆಲ್ ಹಾಗೂ 20ರಿಂದ 50 ಕೆಬಿ, ಸಹಿಗೆ 140 × 60 ಪಿಕ್ಸೆಲ್ ಹಾಗೂ 10ರಿಂದ 20 ಕೆಬಿ ಎಂದು ನಮೂದಿಸಲಾಗಿರುತ್ತದೆ. ಇಲ್ಲಿ ಗರಿಷ್ಠ ಮಿತಿಯಷ್ಟೇ ಅಲ್ಲದೆ ಕನಿಷ್ಠ ಮಿತಿಯೂ ಇರುವುದನ್ನು ಗಮನಿಸತಕ್ಕದ್ದು. ಇತರೆ ಸಂಸ್ಥೆಗಳ ಅಳತೆಗಳು ಬೇರೆಯಾಗಿರುತ್ತವೆ. ಒಂದು ಅರ್ಜಿಗೆ ಸಿದ್ಧಪಡಿಸಿದ ಕಡತ ಮತ್ತೊಂದಕ್ಕೆ ಹೊಂದುತ್ತದೆಯೆಂದು ಭಾವಿಸಬಾರದು.

ಭಾವಚಿತ್ರ ತೆಗೆಯುವಾಗ ಗಮನಿಸಬೇಕಾದ ಅಂಶಗಳು

1. ಹಿನ್ನೆಲೆಯು ಬಿಳಿ ಅಥವಾ ತಿಳಿ ಬಣ್ಣದ್ದಾಗಿರಬೇಕು. ಮನೆಯ ಗೋಡೆ ಮಣ್ಣಿನದಾಗಿದ್ದಲ್ಲಿ ಅಥವಾ ಗಾಢ ಬಣ್ಣದ್ದಾಗಿದ್ದಲ್ಲಿ, ಒಗೆದ ಬಿಳಿ ಧೋತರವನ್ನು ಸುಕ್ಕಿಲ್ಲದಂತೆ ಇಳಿಬಿಟ್ಟು ಅದರ ಮುಂದೆ ಕುಳಿತುಕೊಳ್ಳಬಹುದು. ಬಟ್ಟೆಯಿಂದ ಎರಡು ಅಡಿ ಮುಂದೆ ಕುಳಿತಲ್ಲಿ ನೆರಳು ಬೀಳುವುದು ಕಡಿಮೆಯಾಗುತ್ತದೆ.

2. ನೇರ ಬಿಸಿಲಿಗಿಂತ ಹಗಲಿನಲ್ಲಿ ಬಾಗಿಲ ಬಳಿಯ ನೆರಳಿನ ಬೆಳಕು ಉತ್ತಮ. ಬೆಳಕು ಮುಖದ ಎದುರಿನಿಂದ ಬರಬೇಕು.

3. ತಲೆಯ ಮೇಲೆ ಸೆರಗು ಹೊದ್ದುಕೊಳ್ಳುವ ಮಹಿಳೆಯರು ಹಣೆಯಿಂದ ಗಲ್ಲದವರೆಗೆ ಮುಖವು ಪೂರ್ಣವಾಗಿ ಕಾಣುವಂತೆ ಸೆರಗನ್ನು ಸರಿಪಡಿಸಿಕೊಳ್ಳಬೇಕು. ಸೆರಗಿನ ನೆರಳು ಕಣ್ಣಿನ ಮೇಲೆ ಬೀಳಬಾರದು.

4. ಮೊಬೈಲ್ ಕ್ಯಾಮೆರಾದಲ್ಲಿ ಮುಖವನ್ನು ನುಣುಪುಗೊಳಿಸುವ 'ಬ್ಯೂಟಿ' ಆಯ್ಕೆಯಿದ್ದಲ್ಲಿ ಅದನ್ನು ಸ್ಥಗಿತಗೊಳಿಸತಕ್ಕದ್ದು.

5. ಮುದ್ರಿತ ಭಾವಚಿತ್ರ ಮಾತ್ರ ಇದ್ದಲ್ಲಿ ಅದನ್ನು ಮೊಬೈಲ್‌ನಿಂದ ಮರುಚಿತ್ರಿಸುವ ಬದಲು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು.

ತಂತ್ರಾಂಶದಲ್ಲಿ ಅಳತೆ ಸರಿಪಡಿಸುವ ಕ್ರಮ

ವಿಂಡೋಸ್ ಗಣಕಯಂತ್ರಗಳಲ್ಲಿರುವ 'ಪೇಂಟ್' ತಂತ್ರಾಂಶದಲ್ಲಿ ಚಿತ್ರವನ್ನು ಕತ್ತರಿಸಲು 'ಕ್ರಾಪ್' ಹಾಗೂ ಪಿಕ್ಸೆಲ್ ಬದಲಾಯಿಸಲು 'ರೀಸೈಜ್' ಆಯ್ಕೆಗಳಿವೆ. ಆದರೆ ಕಡತವನ್ನು ಉಳಿಸುವಾಗ ಗುಣಮಟ್ಟವನ್ನು ಆಯ್ದುಕೊಳ್ಳುವ ಅವಕಾಶ ಅದರಲ್ಲಿಲ್ಲ. ಆದ್ದರಿಂದ ಕೆಬಿ ಮಿತಿ ಕಟ್ಟುನಿಟ್ಟಾಗಿರುವ ಅರ್ಜಿಗಳಿಗೆ, ಉಚಿತವಾಗಿ ದೊರೆಯುವ 'ಜಿಂಪ್' ತಂತ್ರಾಂಶವು ಹೆಚ್ಚು ಅನುಕೂಲಕರ. ಅದರಲ್ಲಿ ಅನುಸರಿಸಬೇಕಾದ ಕ್ರಮ ಈ ಕೆಳಗಿನಂತಿದೆ:

1. ಮೂಲ ಚಿತ್ರದ ಒಂದು ನಕಲು ಮಾಡಿಕೊಂಡು, ನಕಲಿನ ಮೇಲೆ ಮಾತ್ರ ಕೆಲಸ ಮಾಡಬೇಕು.

2. 'ಕ್ರಾಪ್' ಸಾಧನದಲ್ಲಿ 'ಫಿಕ್ಸ್‌ಡ್' ಆಯ್ಕೆಯನ್ನು ಗುರುತಿಸಿ, 'ಆಸ್ಪೆಕ್ಟ್ ರೇಶಿಯೊ' ಎಂಬಲ್ಲಿ 200:230 ಎಂದು ನಮೂದಿಸಿ, ಮುಖ ಮತ್ತು ಭುಜಗಳು ಬರುವಂತೆ ಕತ್ತರಿಸಬೇಕು.

3. 'ಇಮೇಜ್' ಪಟ್ಟಿಯಲ್ಲಿನ 'ಸ್ಕೇಲ್ ಇಮೇಜ್' ಮೂಲಕ ಅಗಲ 200, ಎತ್ತರ 230 ಪಿಕ್ಸೆಲ್ ಎಂದು ನೀಡಬೇಕು.

4. 'ಫೈಲ್' ಪಟ್ಟಿಯಲ್ಲಿ 'ಎಕ್ಸ್‌ಪೋರ್ಟ್ ಆ್ಯಸ್' ಆಯ್ದು, ಕಡತದ ಹೆಸರಿನ ಕೊನೆಯಲ್ಲಿ ಡಾಟ್ ಜೆಪಿಜಿ ಎಂದು ನೀಡಬೇಕು. ಈ ತಂತ್ರಾಂಶದಲ್ಲಿ 'ಸೇವ್' ಒತ್ತಿದರೆ ಎಕ್ಸ್‌ಸಿಎಫ್ ಎಂಬ ಬೇರೆ ಮಾದರಿಯ ಕಡತ ಸಿದ್ಧವಾಗುತ್ತದೆ. ಅದನ್ನು ಅರ್ಜಿಯ ಜಾಲತಾಣಗಳು ಸ್ವೀಕರಿಸುವುದಿಲ್ಲ.

5. ನಂತರ ಬರುವ 'ಕ್ವಾಲಿಟಿ' ಪಟ್ಟಿಯನ್ನು ಹಿಂದೆ ಮುಂದೆ ಸರಿಸಿ ಕಡತದ ಗಾತ್ರವನ್ನು ಮಿತಿಯೊಳಗೆ ತರಬೇಕು. ಅಲ್ಲಿಯೇ ಇರುವ ಮುನ್ನೋಟದ ಆಯ್ಕೆಯನ್ನು ಗುರುತಿಸಿದಲ್ಲಿ ಗಾತ್ರವು ಉಳಿಸುವ ಮೊದಲೇ ಕಾಣಿಸುತ್ತದೆ.

ಸಹಿಯ ಕಡತ

ಗೆರೆಗಳಿಲ್ಲದ ಬಿಳಿ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಸಹಿ ಮಾಡಿ, ಸ್ಕ್ಯಾನ್ ಮಾಡಬೇಕು ಅಥವಾ ನೇರವಾಗಿ ಮೇಲಿನಿಂದ ಚಿತ್ರ ತೆಗೆಯಬೇಕು. ಇಡೀ ಹಾಳೆಯನ್ನು ಹಾಗೆಯೇ ಕುಗ್ಗಿಸಿದರೆ ಸಹಿಯು ಚುಕ್ಕೆಯಂತೆ ಕಾಣುತ್ತದೆ. ಮೊದಲು ಸಹಿಯ ಅಂಚಿನವರೆಗೆ ಕತ್ತರಿಸಿ ನಂತರ ಅಳತೆ ಬದಲಾಯಿಸಬೇಕು. ಕಾಗದವು ಬೂದು ಬಣ್ಣಕ್ಕೆ ತಿರುಗಿದ್ದಲ್ಲಿ 'ಕಲರ್ಸ್' ಪಟ್ಟಿಯಲ್ಲಿನ 'ಲೆವೆಲ್ಸ್' ಮೂಲಕ ಬಿಳುಪುಗೊಳಿಸಬಹುದು. ಮಸುಕಾದ ಸಹಿಯನ್ನು ತಂತ್ರಾಂಶದಲ್ಲಿ ಮತ್ತೆ ಬರೆಯಬಾರದು. ಕಾಗದದ ಮೇಲೆ ಹೊಸದಾಗಿ ಸಹಿ ಮಾಡಬೇಕು.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

*ಕಡತ ದೊಡ್ಡದಾಗಿದೆ ಎಂಬ ಸೂಚನೆ ಬರುತ್ತದೆ.* ಮೊದಲು ಪಿಕ್ಸೆಲ್ ಅಳತೆ ಕಡಿಮೆ ಮಾಡಿ, ಆನಂತರ ಗುಣಮಟ್ಟ ತಗ್ಗಿಸಬೇಕು. ಪಿಕ್ಸೆಲ್ ಬದಲಾಯಿಸದೆ ಗುಣಮಟ್ಟವನ್ನು ಮಾತ್ರ ತಗ್ಗಿಸಿದರೆ ಮುಖದ ಮೇಲೆ ಚೌಕಗಳು ಮೂಡುತ್ತವೆ.

*ಕಡತ ಚಿಕ್ಕದಾಗಿದೆ ಎಂಬ ಸೂಚನೆ ಬರುತ್ತದೆ.* ಕುಗ್ಗಿಸಿದ ಚಿತ್ರವನ್ನೇ ಹಿಗ್ಗಿಸಿದರೆ ಕಳೆದುಹೋದ ವಿವರಗಳು ಮರಳಿ ಬರುವುದಿಲ್ಲ. ಮೂಲ ಚಿತ್ರದಿಂದ ಪುನಃ ಆರಂಭಿಸಿ ಹೆಚ್ಚಿನ ಗುಣಮಟ್ಟದಲ್ಲಿ ಉಳಿಸಬೇಕು.

*ಮುಖವು ಅಗಲವಾಗಿ ಅಥವಾ ಉದ್ದವಾಗಿ ಕಾಣುತ್ತದೆ.* ಉದ್ದ ಮತ್ತು ಅಗಲದ ಪ್ರಮಾಣವನ್ನು ಕಾಯ್ದುಕೊಳ್ಳದೆ ಅಳತೆ ಬದಲಾಯಿಸಿದಾಗ ಹೀಗಾಗುತ್ತದೆ. ಮುದ್ರಿತ ಭಾವಚಿತ್ರಗಳ 3.5 × 4.5 ಸೆಂ.ಮೀ. ಪ್ರಮಾಣ ಮತ್ತು 200 × 230 ಪಿಕ್ಸೆಲ್ ಪ್ರಮಾಣ ಒಂದೇ ಅಲ್ಲ. ಅಗಲ 200 ಆದಾಗ ಮುದ್ರಿತ ಪ್ರಮಾಣದಂತೆ ಎತ್ತರ ಸುಮಾರು 257 ಆಗುತ್ತದೆ. ಹೆಚ್ಚುವರಿ ಭಾಗವನ್ನು ಮೇಲೆ ಅಥವಾ ಕೆಳಗೆ ಕತ್ತರಿಸಬೇಕೇ ಹೊರತು ಚಿತ್ರವನ್ನು ಒತ್ತಿ ಹಿಡಿಸಬಾರದು.

*ಚಿತ್ರವು ಅಡ್ಡಲಾಗಿ ತಿರುಗಿ ಕಾಣುತ್ತದೆ.* ಅನೇಕ ಮೊಬೈಲ್‌ಗಳು ಚಿತ್ರವನ್ನು ತಿರುಗಿಸದೆ, ತಿರುಗಿಸಿ ತೋರಿಸಬೇಕೆಂಬ ಟಿಪ್ಪಣಿಯನ್ನು ಮಾತ್ರ ಕಡತದಲ್ಲಿ ಸೇರಿಸುತ್ತವೆ. ಕೆಲವು ಜಾಲತಾಣಗಳು ಈ ಟಿಪ್ಪಣಿಯನ್ನು ಓದುವುದಿಲ್ಲ. ಜಿಂಪ್‌ನಲ್ಲಿ ಚಿತ್ರ ತೆರೆದಾಗ ತಿರುಗಿಸಬೇಕೇ ಎಂದು ಕೇಳಿದಲ್ಲಿ 'ರೊಟೇಟ್' ಆಯ್ದು ಹೊಸ ಕಡತವಾಗಿ ಉಳಿಸಬೇಕು.

*ಕಡತದ ಮಾದರಿ ಸರಿಯಿಲ್ಲ ಎಂಬ ಸೂಚನೆ ಬರುತ್ತದೆ.* ಕೆಲವು ಮೊಬೈಲ್‌ಗಳು ಚಿತ್ರವನ್ನು ಎಚ್‌ಇಐಸಿ ಮಾದರಿಯಲ್ಲಿ ಉಳಿಸುತ್ತವೆ. ಕಡತದ ಹೆಸರಿನ ಕೊನೆಯನ್ನು ಬದಲಾಯಿಸಿದ ಮಾತ್ರಕ್ಕೆ ಮಾದರಿ ಬದಲಾಗುವುದಿಲ್ಲ; ತಂತ್ರಾಂಶದಲ್ಲಿ ತೆರೆದು ಜೆಪಿಜಿಯಾಗಿ ಉಳಿಸಬೇಕು. ಕಡತದ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಬಳಸಿ, ಖಾಲಿ ಜಾಗ ಬಿಡದಿರುವುದು ಸುರಕ್ಷಿತ.

*ಚಿತ್ರವು ಮಸುಕಾಗಿದೆ.* ಊರಿನಿಂದ ಹೊರಗಿರುವ ಮಕ್ಕಳು ಅಥವಾ ಬಂಧುಗಳು ವಾಟ್ಸ್‌ಆ್ಯಪ್ ಮೂಲಕ ಕಳುಹಿಸಿದ ಚಿತ್ರವು ದಾರಿಯಲ್ಲಿಯೇ ಕುಗ್ಗಿರುತ್ತದೆ. 'ಡಾಕ್ಯುಮೆಂಟ್' ಆಯ್ಕೆಯ ಮೂಲಕ ಕಳುಹಿಸಲು ತಿಳಿಸಿದಲ್ಲಿ ಮೂಲ ಕಡತವೇ ಬರುತ್ತದೆ. ಜೆಪಿಜಿ ಕಡತವನ್ನು ತಿದ್ದಿ ಉಳಿಸಿದ ಪ್ರತಿ ಬಾರಿಯೂ ಗುಣಮಟ್ಟ ಸ್ವಲ್ಪ ಕುಂದುತ್ತದೆ ಎಂಬುದನ್ನೂ ನೆನಪಿಡಬೇಕು.

ಏನನ್ನು ತಿದ್ದಬಾರದು?

ಚಿತ್ರವನ್ನು ಕತ್ತರಿಸುವುದು, ಅಳತೆ ಬದಲಾಯಿಸುವುದು ಹಾಗೂ ಬೆಳಕನ್ನು ಮಿತವಾಗಿ ಸರಿಪಡಿಸುವುದು ಸಹಜ ಕ್ರಮ. ಮೈಬಣ್ಣ ತಿಳಿಯಾಗಿಸುವುದು, ಕಲೆ ಮತ್ತು ಮಚ್ಚೆ ಅಳಿಸುವುದು, ಕೇಶವಿನ್ಯಾಸ ಬದಲಾಯಿಸುವುದು ಇವುಗಳನ್ನು ಮಾಡತಕ್ಕದ್ದಲ್ಲ. ಪರೀಕ್ಷಾ ಕೇಂದ್ರದಲ್ಲಿ ಅಥವಾ ದಾಖಲೆ ಪರಿಶೀಲನೆಯ ಸಮಯದಲ್ಲಿ ಭಾವಚಿತ್ರವನ್ನು ಅಭ್ಯರ್ಥಿಯ ಮುಖದೊಂದಿಗೆ ಹೋಲಿಸಲಾಗುತ್ತದೆ. ಸ್ಟುಡಿಯೊದಲ್ಲಿ ಅಂದಗೊಳಿಸಿದ ಚಿತ್ರದಿಂದಾಗಿ ಅರ್ಹ ಅಭ್ಯರ್ಥಿಯೇ ಅನುಮಾನಕ್ಕೆ ಒಳಗಾಗುವ ಸಂದರ್ಭ ಬರಬಾರದು.

ಸ್ಕ್ಯಾನ್ ಮಾಡಿದ ಪ್ರಮಾಣಪತ್ರಗಳಲ್ಲಿ ಹೆಸರು, ದಿನಾಂಕ, ಅಂಕ ಅಥವಾ ಮೊಹರನ್ನು ವಂಚನೆಯ ಉದ್ದೇಶದಿಂದ ತಿದ್ದುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಖೋಟಾ ದಾಖಲೆಗೆ ಸಂಬಂಧಿಸಿದ ನಿಯಮಗಳು ವಿದ್ಯುನ್ಮಾನ ದಾಖಲೆಗಳಿಗೂ ಅನ್ವಯಿಸುತ್ತವೆ. ಪ್ರಮಾಣಪತ್ರದಲ್ಲಿ ತಪ್ಪಿದ್ದಲ್ಲಿ ಅದನ್ನು ನೀಡಿದ ಕಚೇರಿಯಿಂದಲೇ ಸರಿಪಡಿಸಿಕೊಳ್ಳಬೇಕು.

ಸಲ್ಲಿಸುವ ಮುನ್ನ

ಕಡತವನ್ನು ಏರಿಸಿದ ನಂತರ ಜಾಲತಾಣವು ತೋರಿಸುವ ಮುನ್ನೋಟದಲ್ಲಿ ಭಾವಚಿತ್ರ ಮತ್ತು ಸಹಿ ತಮ್ಮ ತಮ್ಮ ಸ್ಥಾನದಲ್ಲಿ ಇವೆಯೇ ಎಂದು ಪರಿಶೀಲಿಸಬೇಕು. ಅರ್ಜಿಯನ್ನು ಅಂತಿಮವಾಗಿ ಸಲ್ಲಿಸಿದ ಮೇಲೆ ಬದಲಾವಣೆಗೆ ಅವಕಾಶ ದೊರೆಯದಿರಬಹುದು. ಸೇವಾ ಕೇಂದ್ರದ ಸಿಬ್ಬಂದಿಯಿಂದ ಅರ್ಜಿ ತುಂಬಿಸುವವರು ಪರದೆಯನ್ನು ತಾವೂ ನೋಡಿ ಖಚಿತಪಡಿಸಿಕೊಳ್ಳಬೇಕು ಹಾಗೂ ಸ್ವೀಕೃತಿ ಪಡೆಯಬೇಕು. ಖಾಸಗಿ ಅಂಗಡಿಯ ಗಣಕಯಂತ್ರದಲ್ಲಿ ಕೆಲಸ ಮಾಡಿಸಿದ್ದಲ್ಲಿ ಭಾವಚಿತ್ರ, ಸಹಿ ಮತ್ತು ಆಧಾರ್ ಪ್ರತಿಯನ್ನು ಅಳಿಸಿಹಾಕಿಸಬೇಕು. ಕಡತ ಕುಗ್ಗಿಸಿಕೊಡುವ ಅಪರಿಚಿತ ಜಾಲತಾಣಗಳಿಗೆ ಗುರುತಿನ ದಾಖಲೆಗಳನ್ನು ನೀಡಬಾರದು.

ಮೂಲ ಭಾವಚಿತ್ರ ಮತ್ತು ಮೂಲ ಸಹಿಯ ಕಡತಗಳನ್ನು ಪ್ರತ್ಯೇಕವಾಗಿ ಉಳಿಸಿಟ್ಟುಕೊಂಡಲ್ಲಿ, ಯಾವ ಅಳತೆ ಕೇಳಿದರೂ ಅವುಗಳಿಂದ ಹೊಸ ಕಡತ ಸಿದ್ಧಪಡಿಸಬಹುದು. ಅಧಿಸೂಚನೆ ಪ್ರಕಟವಾದ ಕೂಡಲೇ ಈ ಸಿದ್ಧತೆ ಮಾಡಿಕೊಂಡು, ಕೊನೆಯ ದಿನದವರೆಗೆ ಕಾಯದೆ ಅರ್ಜಿ ಸಲ್ಲಿಸಲು ಅರ್ಜಿದಾರರಿಗೆ ಸೂಚಿಸಲಾಗಿದೆ.